ಹದಿಮೂರು ವರ್ಷದ ಮಕ್ಕಳೂ ಸಮಾಜ ಪಾಠವೂ

ಅಶೋಕ ಚಕ್ರವರ್ತಿಯು ದಾರಿಯ ಇಕ್ಕೆಲಗಳಲ್ಲಿ ಸಾಲುಮರಗಳನ್ನು ನೆಡಿಸಿದನೆಂಬ ವಾಕ್ಯವನ್ನು ಕಂಠಪಾಠ ಮಾಡದೆ ಕನ್ನಡ ಶಾಲೆಯ ಮೆಟ್ಟಿಲಿಳಿದು ಬಂದವರು ನಮ್ಮ ವಾಚಕರಲ್ಲಿ ಯಾರೂ ಇರಲಾರರು. ಈ ಲೇಖಕನೂ ಅದನ್ನು ಬಾಯಿಪಾಠ ಮಾಡಿದವನೇ. ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದವನೇ. ಆದರೆ ಆ ಚಕ್ರವರ್ತಿಯ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನವು ಮೊತ್ತಮೊದಲು ದೊರೆತದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ, ಎಂಬುದನ್ನಾಗಲಿ, ಅವನ ಶಿಲಾಶಾಸನದ ತುಣುಕೊಂದು 1882ರಲ್ಲಿ ಮುಂಬಯಿಯ ಮಗ್ಗುಲಲ್ಲೇ ಇರುವ ಸೋಪಾರದಲ್ಲಿ ಸಿಕ್ಕಿತೆಂಬುದನ್ನಾಗಲಿ ನನಗೆ ಯಾರೂ ಹೇಳಿರಲಿಲ್ಲ. ವಿರಾರ್ ಲೋಕಲ್ಲಿನ ಬಾಗಿಲಲ್ಲಿ ನೇತಾಡುತ್ತ ನಾಲಾಸೋಪಾರಾ ನಿಲ್ದಾಣವನ್ನು ನಾನು ಅದೆಷ್ಟು ಸಾವಿರ ಸಲ ಹಾದುಹೋಗಿದ್ದೇನೋ ಲೆಕ್ಕವಿಲ್ಲ. ಅಶೋಕನು ಅಲ್ಲಿ ಮಾತನಾಡಿದ್ದಾನೆಂದು ತಿಳಿಯುವಾಗ ನನಗೆ ನಾಲ್ವತ್ತು ದಾಟಿತ್ತು.

ತಿಳಿದದ್ದಾದರೂ ಹೇಗೆ? ನನಗೆ ಪಾಠ ಹೇಳುವ ಪ್ರಸಂಗ ಒದಗಿ ಬಂದುದರಿಂದ. ಉಪನಗರದ ಕನ್ನಡ ಸಂಘವೊಂದು ಭಾನುವಾರದ ಬೆಳಿಗ್ಗೆ ಮಕ್ಕಳಿಗಾಗಿ ಕನ್ನಡ ತರಗತಿಯನ್ನು ನಡೆಸುತ್ತದೆ. ಓದು ಬರಹ ಕಲಿಸುತ್ತಿದ್ದ ನಿವೃತ್ತ ಉಪಾಧ್ಯಾಯರು ಊರಿಗೆ ಹೊರಟು ನಿಂತಾಗ, ಸಂಘದ ಕಾರ್ಯದರ್ಶಿಗಳು ನಮ್ಮ ಕಾರ್ಯಾಲಯಕ್ಕೆ ಬಂದು, “ಎರಡೇ ಎರಡು ಭಾನುವಾರ, ನೀವೇ ಬಂದು ಏನಾದರೂ ಹೇಳಿ” ಎಂದರು. ಆ ಎರಡು ಭಾನುವಾರಗಳು ಈಗ ಒಂದೂವರೆ ವರ್ಷವಾಗಿವೆ. ನಾನು ಎಸ್.ಎಸ್.ಎಲ್.ಸಿ. ಓದಿದವನು. ಅದನ್ನು ಮುಗಿಸಿದ ವರ್ಷವೇ ಬಸ್ಸು ಹತ್ತಿ ಬಂದು ಹೊಟೇಲಿನ ಮೋರಿಯಲ್ಲಿ ಲೋಟ ತೊಳೆದು, ಮಾಣಿಯಾಗಿ, ಗಲ್ಲೆಯ ಮೇಲೆ ಕುಳಿತು, ಮುಂದೆ ಪಾಲುದಾರಿಕೆಯಲ್ಲಿ ಸ್ವಂತ ಹೊಟೇಲು ಮಾಡಿ, ಕೊನೆಗೆ ಅದನ್ನು ಬಿಟ್ಟು ಪತ್ರಿಕೆಯ ಗೀಳು ಹಚ್ಚಿಕೊಂಡವನು. ಅಧ್ಯಾಪನ ಶಾಸ್ತ್ರದ ಒಂದು ಪುಟವನ್ನೂ ಓದಿದವನಲ್ಲ. ಆದುದರಿಂದ ಇಲ್ಲಿ ಬರೆಯುವುದೆಲ್ಲ ಪಂಡಿತರ ಮಾತೆಂದು ಯಾರೂ ಭಾವಿಸಬಾರದಾಗಿ ವಿನಂತಿ.

ತರಗತಿಗೆ ಬರುವ ಮಕ್ಕಳು ಇಪ್ಪತ್ತೆರಡು ಮಂದಿ; ಹನ್ನೊಂದರಿಂದ ಹದಿನಾಲ್ಕರ ಒಳಗಿನವರು. ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದವರು. ಮೂರು ನಾಲ್ಕು ಮಂದಿ ಮುನಿಸಿಪಾಲಿಟಿಯ ಶಾಲೆಯವರು. ಉಡುಪಿ ಕುಂದಾಪುರದ ಕಡೆಯ ಹೊಟೇಲಿಗರ ಮಕ್ಕಳಿದ್ದಾರೆ, ಕಾರವಾರದವರಿದ್ದಾರೆ, ಕಟ್ಟಡದ ಕೆಲಸಕ್ಕಾಗಿ ಕಲಬುರಗಿ ಯಾದಗಿರಿಗಳಿಂದ ಬಂದು ನೆಲೆಸಿದವರ ಮಕ್ಕಳೂ ಇದ್ದಾರೆ. ಈ ವಯಸ್ಸಿನ ಮಕ್ಕಳ ಸ್ವಭಾವವೇ ಬೇರೆ. ಎಂಟು ವರ್ಷದ ಮಗುವಿಗೆ ಕತೆ ಸಾಕು. ಹದಿನಾರರವನಿಗೆ ಅಂಕ ಸಾಕು. ಈ ನಡುವಣ ಮಕ್ಕಳಿಗೆ ಮಾತ್ರ ಎರಡೂ ಸಾಲದು. ರಾತ್ರಿ ಕಲಸಿಟ್ಟ ದೋಸೆಯ ಹಿಟ್ಟು ನಸುಕಿನಲ್ಲಿ ಉಕ್ಕುವ ಹಾಗೆ ಇವರಲ್ಲಿ ನ್ಯಾಯಾನ್ಯಾಯಗಳ ಪ್ರಶ್ನೆ ಉಕ್ಕುತ್ತಿರುತ್ತದೆ. “ಹಾಗೆಂದು ಯಾರು ಹೇಳಿದರು?”, “ಅವರಿಗೇಕೆ, ಇವರಿಗೇಕಿಲ್ಲ?” ಎಂಬೆರಡು ಪ್ರಶ್ನೆಗಳು ಅವರ ನಾಲಗೆಯ ತುದಿಯಲ್ಲೇ ಇರುತ್ತವೆ. ಸಮಾಜ ಪಾಠವೆಂದರೆ ಈ ಎರಡು ಪ್ರಶ್ನೆಗಳಲ್ಲದೆ ಬೇರೇನು?

ಇತಿಹಾಸ, ಭೂಗೋಲ, ಪೌರನೀತಿಗಳನ್ನು ಒಂದುಗೂಡಿಸಿ ‘ಸಮಾಜ ಪಾಠ’ವೆಂದು ಕಲಿಸಬೇಕೆಂದು ಮೊದಲಿಯಾರ್ ಆಯೋಗವು 1952-53ರಲ್ಲೇ ಸೂಚಿಸಿತ್ತು. ಮೂರನ್ನೂ ಒಂದೇ ರಟ್ಟಿನೊಳಗೆ ಹೊಲಿದದ್ದಾಯಿತು. ಆದರೆ ನನ್ನ ಕಾಲದಲ್ಲಿ ಅವು ಒಂದೇ ಚಾಳಿನಲ್ಲಿದ್ದೂ ಮಾತುಬಿಟ್ಟ ನೆರೆಹೊರೆಯವರಂತೆ ಇದ್ದವು. ನಮ್ಮ ಉಪಾಧ್ಯಾಯರು ಪ್ರಶ್ನೋತ್ತರಗಳನ್ನು ಹಲಗೆಯ ಮೇಲೆ ಬರೆಯುವರು, ನಾವು ಇಳಿಸಿಕೊಳ್ಳುವೆವು. ಒಮ್ಮೆ ನಾನು, “ಚಾಲುಕ್ಯರು ಸೋತಾಗ ನಮ್ಮ ಊರಿನವರು ಏನು ಮಾಡುತ್ತಿದ್ದರು ಸಾರ್?” ಎಂದು ಕೇಳಿ ಬೆಂಚಿನ ಮೇಲೆ ನಿಂತಿದ್ದೆ. ಅವರನ್ನು ದೂರಿ ಫಲವಿಲ್ಲ. ಅರುವತ್ತು ಮಕ್ಕಳು, ತಲೆಯ ಮೇಲೆ ಪಬ್ಲಿಕ್ ಪರೀಕ್ಷೆ.

ನನ್ನ ಮೊದಲ ಭಾನುವಾರ ಮಾತ್ರ ನಾನೂ ಅದನ್ನೇ ಮಾಡಿದೆ. ಕರ್ನಾಟಕದ ಏಕೀಕರಣವು 1956ನೆಯ ನವೆಂಬರ್ 1ರಂದು ಆಯಿತು, ಬರೆದುಕೊಳ್ಳಿ, ಎಂದೆ. ಬರೆದುಕೊಂಡರು. ಹತ್ತು ನಿಮಿಷದಲ್ಲಿ ಆಕಳಿಕೆ ಶುರುವಾಯಿತು. ಗಿರಾಕಿಯು ತಟ್ಟೆಯನ್ನು ಅರ್ಧಕ್ಕೆ ಬಿಟ್ಟೆದ್ದರೆ ಅಡುಗೆಯಲ್ಲಿ ದೋಷವಿದೆಯೆಂದು ತಿಳಿಯುವ ವ್ಯವಹಾರದಲ್ಲಿ ನಾನು ಪಳಗಿದವನು. ಮರುವಾರ ಅದೇ ಪಾಠವನ್ನು ಬೇರೆ ರೀತಿಯಲ್ಲಿ ಬಡಿಸಲು ನಿಶ್ಚಯಿಸಿದೆ.

“ನಿಮ್ಮ ಅಜ್ಜ ಹುಟ್ಟಿದ್ದು ಯಾವ ಊರಿನಲ್ಲಿ, ಯಾವ ವರ್ಷ, ಆಗ ಆ ಊರು ಯಾವ ರಾಜ್ಯದಲ್ಲಿತ್ತು? ಮನೆಯಲ್ಲಿ ಕೇಳಿಕೊಂಡು ಬನ್ನಿ” ಎಂದು ಹೇಳಿ ಕಳುಹಿಸಿದೆ. ಮುಂದಿನ ವಾರ ಉತ್ತರಗಳು ಬಂದವು. ಉಡುಪಿಯ ಬಳಿಯ ಹಳ್ಳಿಯೊಂದರಲ್ಲಿ 1950ರಲ್ಲಿ ಹುಟ್ಟಿದ ಅಜ್ಜನೊಬ್ಬರಿದ್ದರು. ಅವರು ಹುಟ್ಟುವಾಗ ಆ ಹಳ್ಳಿ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಒಂದನೆಯ ತರಗತಿಯಲ್ಲಿರುವಾಗ ಅದು ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆಯೂ ಬದಲಾಗಿ ಉಡುಪಿ ಜಿಲ್ಲೆಯಾಯಿತು. ಅಜ್ಜ ಮಾತ್ರ ಅದೇ ಮನೆಯ ಅದೇ ಜಗಲಿಯಲ್ಲಿ ಕುಳಿತಿದ್ದರು. “ಹಾಗಾದರೆ ಅಜ್ಜನಿಗೆ ತಮಿಳು ಬರುತ್ತಿತ್ತೇ?” ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ರಾಜ್ಯದ ಭಾಷೆ ಬೇರೆ, ಶಾಲೆಯ ಭಾಷೆ ಬೇರೆ, ಮನೆಯ ಭಾಷೆ ಬೇರೆಯಾಗಿ ಇರಬಹುದೆಂಬ ಮಾತು ಅಲ್ಲಿಂದ ಹೊರಟಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಓಣಿಯಲ್ಲಿ ಹಿಂದಿ ಮರಾಠಿ ಆಡುವ ಮಕ್ಕಳಿಗೆ ಅದನ್ನು ವಿವರಿಸಬೇಕಾದ ಅಗತ್ಯವೇ ಬೀಳಲಿಲ್ಲ.

ಕಾರವಾರದ ಹುಡುಗನ ಮುತ್ತಜ್ಜನಂತೂ ಹುಟ್ಟಿದ್ದೇ ಮುಂಬಯಿ ಪ್ರಾಂತದಲ್ಲಿ. ಉತ್ತರ ಕನ್ನಡವನ್ನು ಬ್ರಿಟಿಷರು 1862ರಲ್ಲೇ ಮದರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದ್ದರಷ್ಟೆ. “ಹಾಗಾದರೆ ನಾವು ಹೊರಗಿನಿಂದ ಬಂದವರಲ್ಲ!” ಎಂದು ಅವನು ಎದೆಯುಬ್ಬಿಸಿದ. ಎಲ್ಲರಿಗಿಂತ ನಮ್ಮನ್ನು ನಿಲ್ಲಿಸಿದವಳು ಕಲಬುರಗಿಯ ಕಡೆಯ ಹುಡುಗಿ. ಅವಳ ತಂದೆ ಗಾರೆ ಕೆಲಸದವರು. “ನಮ್ಮ ಮುತ್ಯಾನ ಊರಿಗೆ 1947ರಾಗ ಸ್ವಾತಂತ್ರ್ಯ ಬರಲಿಲ್ಲಂತ್ರಿ” ಎಂದು ಆಕೆ ಹೇಳಿದಾಗ ಉಳಿದವರು ನಕ್ಕರು. ಆದರೆ ಆಕೆ ಹೇಳಿದ್ದೇ ಸರಿ. ಕಲಬುರಗಿ ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಭಾರತದ ಸೇನೆ ಪ್ರವೇಶಿಸಿ ನಿಜಾಮರು ಮಣಿದದ್ದು 1948ನೆಯ ಸೆಪ್ಟೆಂಬರ್ 17ರಂದು. ನಕ್ಕವರು ಸುಮ್ಮನಾದರು. ಅಂದಿನಿಂದ ಆ ಹುಡುಗಿ ಮುಂದಿನ ಸಾಲಿಗೆ ಬಂದು ಕುಳಿತಳು. ಪಠ್ಯಪುಸ್ತಕದಲ್ಲಿ ಒಂದೇ ಆಗಿರುವ ತಾರೀಖು ಮನೆಮನೆಗೆ ಬೇರೆಬೇರೆಯಾಗಿರಬಲ್ಲದೆಂಬುದನ್ನು ನಾನಂತೂ ಅಂದು ಕಲಿತೆ.

ರಾಜ್ಯಗಳ ಮಾತು ಬಂದಮೇಲೆ ಗಡಿಯ ಮಾತು ಬಾರದಿರುತ್ತದೆಯೇ? “ಬೆಳಗಾವಿ ಯಾರದು ಸಾರ್?” ಎಂದು ಒಬ್ಬ ಕೇಳಿಯೇ ಬಿಟ್ಟ. ಶಾಲೆಯಲ್ಲಿ ಅವನ ಬೆಂಚಿನ ಗೆಳೆಯ ಮರಾಠಿಗ. ನಮ್ಮ ಸಂಘದ ಗೋಡೆಯ ಮೇಲೆ ಭುವನೇಶ್ವರಿಯ ಚಿತ್ರವಿದೆ. ಉತ್ತರ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ನಾನು ಉತ್ತರವನ್ನು ಕೊಡಲಿಲ್ಲ. ನಿವೃತ್ತ ಮುಖ್ಯ ನ್ಯಾಯಾಧೀಶ ಮೆಹರ್‌ಚಂದ್ ಮಹಾಜನರ ಆಯೋಗವನ್ನು 1966ರಲ್ಲಿ ನೇಮಿಸಿದ್ದು, ಬೆಳಗಾವಿ ನಗರವು ಮೈಸೂರಿನಲ್ಲೇ ಇರಲೆಂದು ಅದು 1967ರಲ್ಲಿ ಹೇಳಿದ್ದು, ಮಹಾರಾಷ್ಟ್ರವು ಒಪ್ಪದೆ ಹೋದದ್ದು, ಅದೇ ವರದಿಯು ಕಾಸರಗೋಡಿನ ಭಾಗವು ಮೈಸೂರಿಗೆ ಬರಬೇಕೆಂದಾಗ ಕೇರಳವೂ ಒಪ್ಪದೆ ಹೋದದ್ದು, ಮಹಾರಾಷ್ಟ್ರವು 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ ಇನ್ನೂ ತೀರ್ಮಾನವಾಗದೆ ಇರುವುದು, ಇಷ್ಟನ್ನು ಹೇಳಿ ಮಕ್ಕಳನ್ನು ಎರಡು ಪಕ್ಷ ಮಾಡಿದೆ. ಮಹಾರಾಷ್ಟ್ರದ ಪರ ವಾದಿಸುವ ಪಾಳಿ ಆ ಪ್ರಶ್ನೆ ಕೇಳಿದ ಹುಡುಗನಿಗೇ ಬಂತು. ಅವನು ಮರಾಠಿ ಗೆಳೆಯನ ಮನೆಗೆ ಹೋಗಿ ಕೇಳಿಕೊಂಡು ಬಂದು ಸೊಗಸಾಗಿಯೇ ವಾದಿಸಿದ.

ಮರುದಿನ ಸಾಯಂಕಾಲ ಅವನ ತಂದೆ ಕಾರ್ಯಾಲಯಕ್ಕೆ ಬಂದರು. “ಕನ್ನಡ ಸಂಘದಲ್ಲಿ ನನ್ನ ಮಗನಿಂದ ಮಹಾರಾಷ್ಟ್ರದ ವಕಾಲತ್ತು ಮಾಡಿಸಿದಿರಲ್ಲ, ನಿಮ್ಮದು ಯಾವ ಪತ್ರಿಕೆ?” ಎಂದು ಕೇಳಿದರು. ಅವರಿಗೆ ಚಹಾ ತರಿಸಿದೆ. ಎದುರಾಳಿ ಏನು ಹೇಳುತ್ತಾನೆಂದು ತಿಳಿಯದವನು ತನ್ನ ಪಕ್ಷವನ್ನಾದರೂ ಹೇಗೆ ಸಮರ್ಥಿಸಿಯಾನು ಎಂದು ನನಗೆ ತಿಳಿದ ಮಟ್ಟಿಗೆ ಹೇಳಿದೆ. ಚಹಾ ಕುಡಿದರು, ಮಾತನ್ನು ಒಪ್ಪಲಿಲ್ಲ. ಮಗನನ್ನು ಮಾತ್ರ ತರಗತಿಯಿಂದ ಬಿಡಿಸಲಿಲ್ಲ. ಹೊರಡುವಾಗ, “ಮಗ ಚೆನ್ನಾಗಿ ಮಾತಾಡಿದನೇ?” ಎಂದು ಕೇಳಿದರು.

ಪೌರನೀತಿಗೆ ನಾನು ಹಳೆಯ ಕಸುಬಿನ ಕಾಗದವನ್ನೇ ಬಳಸಿದೆ, ಹೊಟೇಲಿನ ಬಿಲ್ಲು. 200 ರೂಪಾಯಿಯ ತಿಂಡಿಗೆ ನಮ್ಮಂಥ ಉಪಾಹಾರಗೃಹಗಳಲ್ಲಿ ಶೇಕಡಾ 5ರಂತೆ 10 ರೂಪಾಯಿ ತೆರಿಗೆ. ಅದು ಬಿಲ್ಲಿನಲ್ಲಿ ಎರಡು ಸಾಲಾಗಿ ಅಚ್ಚಾಗಿರುತ್ತದೆ: 5 ರೂಪಾಯಿ ಕೇಂದ್ರಕ್ಕೆ, 5 ರೂಪಾಯಿ ರಾಜ್ಯಕ್ಕೆ. ಭಾರತವು ರಾಜ್ಯಗಳ ಒಕ್ಕೂಟವೆಂಬ ಸಂವಿಧಾನದ ಮೊದಲನೆಯ ವಿಧಿಯನ್ನು ಇಷ್ಟು ಅಗ್ಗದಲ್ಲಿ ತೋರಿಸುವ ಬೇರೆ ಸಾಧನವು ನನಗೆ ಕಂಡಿಲ್ಲ. “ಉಡುಪಿ ಹೊಟೇಲು ಎಂದು ಬೋರ್ಡು ಇದೆಯಲ್ಲ, ಕರ್ನಾಟಕಕ್ಕೆ ಏನೂ ಇಲ್ಲವೇ?” ಎಂದಳು ಒಬ್ಬ ಹುಡುಗಿ. ಈ ತೆರಿಗೆಯು ಉಂಡ ಕಡೆಗೆ ಸಲ್ಲುತ್ತದೆಯೇ ಹೊರತು ಬೆಳೆದ ಕಡೆಗಲ್ಲ ಎಂದು ಹೇಳಬೇಕಾಯಿತು. ಹಾಗೆಂದು ಯಾರು ಗೊತ್ತುಮಾಡಿದರು? ಜಿ.ಎಸ್.ಟಿ. ಪರಿಷತ್ತು, ಅದರಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲೊಂದು ತೂಕ, ರಾಜ್ಯಗಳಿಗೆಲ್ಲ ಸೇರಿ ಮೂರರಲ್ಲೆರಡು, ಯಾವ ನಿರ್ಣಯಕ್ಕೂ ನಾಲ್ಕರಲ್ಲಿ ಮೂರು ಪಾಲು ಬೇಕು. “ಹಾಗಾದರೆ ಕೇಂದ್ರ ಬೇಡವೆಂದರೆ ಆಗುವುದೇ ಇಲ್ಲ” ಎಂದು ಲೆಕ್ಕದಲ್ಲಿ ಚುರುಕಾದ ಹುಡುಗನೊಬ್ಬ ಬೆರಳೆಣಿಸಿ ಹೇಳಿದ. ಈ ತೆರಿಗೆಯನ್ನು ವರ್ಷಗಟ್ಟಲೆ ಕಟ್ಟಿದ ನನಗೆ ಅದು ಹೊಳೆದಿರಲಿಲ್ಲ.

ಇದೆಲ್ಲ ನನ್ನ ಸ್ವಂತ ಆವಿಷ್ಕಾರವೆಂದು ಹೇಳಿಕೊಳ್ಳುವ ಧೈರ್ಯವಿಲ್ಲ. ಮಧ್ಯಪ್ರದೇಶದಲ್ಲಿ ಏಕಲವ್ಯವೆಂಬ ಸಂಸ್ಥೆಯವರು 1986ರಿಂದ ಕೆಲವು ಸರಕಾರಿ ಶಾಲೆಗಳಲ್ಲಿ ಆರರಿಂದ ಎಂಟನೆಯ ತರಗತಿಗಳಿಗೆ ಇಂಥ ಸಮಾಜ ಪಾಠವನ್ನು ನಡೆಸಿದ್ದರು. ಪುಸ್ತಕವನ್ನು ತೆರೆದಿಟ್ಟುಕೊಂಡೇ ಪರೀಕ್ಷೆ ಬರೆಯುವ ಕ್ರಮವನ್ನೂ ತಂದಿದ್ದರು; ಪುಸ್ತಕದಲ್ಲಿ ಉತ್ತರವಿದ್ದರೂ ಪ್ರಶ್ನೆಗೆ ತಕ್ಕುದನ್ನು ಹುಡುಕಿ ಯೋಚಿಸಿ ಬರೆಯಬೇಕು. 2002ರಲ್ಲಿ ಸರಕಾರವು ಆ ಪ್ರಯೋಗವನ್ನು ನಿಲ್ಲಿಸಿತು. ಆಮೇಲೆ ಎನ್.ಸಿ.ಇ.ಆರ್.ಟಿ.ಯವರು 2005ರ ಪಠ್ಯಕ್ರಮದ ಚೌಕಟ್ಟಿನಂತೆ ಹೊರಡಿಸಿದ ಏಳನೆಯ ತರಗತಿಯ ಪುಸ್ತಕದಲ್ಲಿ ಒಂದು ಅಂಗಿಯ ಕತೆಯಿತ್ತು. ಕರ್ನೂಲಿನ ಹತ್ತಿ ಬೆಳೆಗಾರಳಿಂದ ಹೊರಟು, ಈರೋಡಿನ ಬಟ್ಟೆಯ ಪೇಟೆ, ದೆಹಲಿಯ ಬಳಿಯ ಹೊಲಿಗೆಯ ಕಾರಖಾನೆಗಳನ್ನು ಹಾದು ಅಮೇರಿಕೆಯ ಅಂಗಡಿಗೆ ಮುಟ್ಟುವ ಆ ಅಂಗಿಯಲ್ಲಿ ಯಾರಿಗೆಷ್ಟು ಸಿಕ್ಕಿತೆಂಬುದೇ ಪಾಠ. ಆ ಪುಸ್ತಕಗಳ ಜಾಗಕ್ಕೆ ಈಗ ಹೊಸವು ಬಂದಿವೆ. ಹಳೆಯದು ರದ್ದಿ ಅಂಗಡಿಯಲ್ಲಿ ಸಿಕ್ಕಿದರೆ ಬಿಡದೆ ಕೊಳ್ಳಬೇಕೆಂದು ಪಾಲಕರಿಗೆ ಹೇಳುತ್ತೇನೆ.

ಇನ್ನು ಮನಸ್ಸಿಗೆ ತಾಗಿದ ಎರಡು ಪಾಠಗಳ ವಿಷಯ ಹೇಳಬೇಕು. ಮೊದಲನೆಯದು ಭೂಮಿಯ ಪಾಠ.

“ನಿಮ್ಮ ಮನೆಯವರು ಮುಂಬಯಿಗೆ ಬಂದದ್ದು ಏಕೆ?” ಎಂದು ಕೇಳಿಕೊಂಡು ಬರಲು ಹೇಳಿದ್ದೆ. ಉದ್ಯೋಗಕ್ಕೆ, ಬರಗಾಲಕ್ಕೆ, ಮಾವ ಕರೆದುದಕ್ಕೆ, ಹೀಗೆ ಉತ್ತರಗಳು ಬರುತ್ತಿದ್ದಾಗ ಉಡುಪಿಯ ಕಡೆಯ ದೊಡ್ಡ ಗುತ್ತಿನ ಮನೆಯ ಹುಡುಗನೊಬ್ಬ ಎದ್ದು, “ನಮ್ಮ ಭೂಮಿಯನ್ನು ಅರಸು ಸರಕಾರ ಕಿತ್ತುಕೊಂಡಿತು, ಅದಕ್ಕೇ ಬಂದೆವು ಎಂದು ಅಜ್ಜಿ ಹೇಳಿದರು” ಎಂದ. ಎರಡು ಸಾಲು ಹಿಂದೆ ಕುಳಿತಿದ್ದ ಹುಡುಗಿ ಕೈಯೆತ್ತಿದಳು. “ನಮ್ಮ ಊರಿನ ಮನೆಯಲ್ಲಿ ದೇವರ ಪಟದ ಪಕ್ಕದಲ್ಲಿ ಅರಸರ ಪಟ ಇದೆ” ಎಂದಳು. ಇಬ್ಬರ ಊರುಗಳ ನಡುವೆ ಒಂದು ಹೊಳೆ ಮಾತ್ರ.

ಆ ಕ್ಷಣದಲ್ಲಿ ನನ್ನ ಬಾಯಿ ಒಣಗಿತು. ಏಕೆಂದರೆ ನಾನೂ ಆ ವ್ಯಾಜ್ಯದಲ್ಲಿ ಒಬ್ಬ ಕಕ್ಷಿ. ನನ್ನ ತಂದೆಯ ತಾಯಿ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಉಳುವ ಕೈಯಿಲ್ಲದೆ, ಇದ್ದ ಒಂದು ತುಂಡು ಗದ್ದೆಯನ್ನು ನೆರೆಯವರಿಗೆ ಚಾಲಗೇಣಿಗೆ ಕೊಟ್ಟಿದ್ದರು. 1974ನೆಯ ಮಾರ್ಚ್ 1ರಂದು ತಿದ್ದುಪಡಿಯ ಕಾನೂನು ಜಾರಿಗೆ ಬಂದು ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನು ಏಳನೆಯ ನಮೂನೆಯಲ್ಲಿ ಡಿಕ್ಲರೇಶನ್ ಹಾಕಿದ. ತಾಲ್ಲೂಕಿನ ಭೂನ್ಯಾಯ ಮಂಡಳಿಯಲ್ಲಿ ಗದ್ದೆ ಅವನದಾಯಿತು. ಅಜ್ಜಿ ಸಾಯುವ ತನಕ ಆ ಗದ್ದೆಯ ಬದುವಿನ ಮೇಲೆ ನಡೆಯಲಿಲ್ಲ. ಸುತ್ತು ಹಾಕಿ ಹೋಗುತ್ತಿದ್ದರು. ಆ ನೆರೆಯವರ ಮಗ ಓದಿ ಉಪಾಧ್ಯಾಯನಾದ; ಬಹಳ ಸಜ್ಜನ. ಅವನಿಗೆ ಆ ಗದ್ದೆ ಸಿಗದೆ ಹೋಗಿದ್ದರೆ ಅವನೂ ನನ್ನೊಡನೆ ಲೋಟ ತೊಳೆಯಲು ಬರಬೇಕಾಗಿತ್ತು. ಇದು ನನ್ನ ಬುದ್ಧಿಗೆ ಗೊತ್ತು. ಅಜ್ಜಿಯ ಆ ಸುತ್ತುದಾರಿಯೂ ನೆನಪಿದೆ.

ಗುರುವಾದವನು ತನ್ನ ಮನೆಯ ಗಾಯವನ್ನು ತರಗತಿಯ ತೀರ್ಪಾಗಿ ಮಾಡಬಾರದೆಂದು ಎಣಿಸಿ, ಅಂದು ನಾನು ಕಾನೂನಿನ ಕ್ರಮವನ್ನಷ್ಟೇ ಹೇಳಿದೆ. ಮೂಲಗೇಣಿ ಎಂದರೇನು, ಚಾಲಗೇಣಿ ಎಂದರೇನು. ಚಾಲಗೇಣಿಯವನನ್ನು ಒಡೆಯ ಎಬ್ಬಿಸಿದರೆ ಅವನ ಗತಿ ಏನಾಗುತ್ತಿತ್ತು. 1961ರ ಮೂಲ ಕಾನೂನಿನಲ್ಲಿ ಯಾವ ಸಡಿಲಿತ್ತು. ಆರಂಭದಲ್ಲಿ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವನ್ನು ಏಕೆ ಕೊಡಲಿಲ್ಲ. ದೊಡ್ಡ ಒಡೆಯನಿಗೂ ವಿಧವೆಯ ತುಂಡು ಗದ್ದೆಗೂ ಒಂದೇ ಕಾನೂನು ಅನ್ವಯವಾದಾಗ ಏನಾಯಿತು. ಇಲ್ಲಿ ಮಹಾರಾಷ್ಟ್ರದಲ್ಲಿಯೂ 1948ರ ಮುಂಬಯಿ ಗೇಣಿ ಕಾನೂನಿಗೆ ಬಂದ ತಿದ್ದುಪಡಿಯಂತೆ 1957ನೆಯ ಏಪ್ರಿಲ್ 1ರಂದು ಉಳುವವರು ಒಡೆಯರೆಂದು ಗಣಿಸಲ್ಪಟ್ಟರು. ಮರಾಠಿಗರ ಮನೆಗಳಲ್ಲಿ ‘ಕುಳ ಕಾಯದೆ’ ಎಂದರೆ ಇವೇ ಎರಡು ಬಗೆಯ ಕತೆಗಳು ಹೊರಡುತ್ತವೆ. ಆಮೇಲೆ ಇಬ್ಬರಿಗೂ ಒಂದು ಕೆಲಸ ಕೊಟ್ಟೆ. ಹುಡುಗನು ಅಜ್ಜಿಯ ಮಾತನ್ನೂ ಹುಡುಗಿಯು ಫೋನಿನಲ್ಲಿ ಅಜ್ಜನ ಮಾತನ್ನೂ ಕೇಳಿ, ಹೇಳಿದ ಹಾಗೆಯೇ ಬರೆದು ತರಬೇಕು.

ಮುಂದಿನ ವಾರ ಕಾಗದಗಳನ್ನು ಅದಲುಬದಲು ಮಾಡಿ ಓದಿಸಿದೆ. ಹುಡುಗಿಯ ಅಜ್ಜ ಹೇಳಿದ್ದನ್ನು ಗುತ್ತಿನ ಮನೆಯ ಹುಡುಗ ಗಟ್ಟಿಯಾಗಿ ಓದಿದ. ಕಟಾವಿನ ದಿನ ಅಂಗಳದಲ್ಲಿ ಗೇಣಿಯ ಅಕ್ಕಿಯನ್ನು ಅಳೆದು ಕೊಟ್ಟಮೇಲೆ ಮನೆಗೆ ಉಳಿದದ್ದು ಎಷ್ಟು, ಮಳೆಗಾಲದ ಕೊನೆಯ ತಿಂಗಳು ಏನು ತಿನ್ನುತ್ತಿದ್ದರು ಎಂಬುದು ಅದರಲ್ಲಿತ್ತು. ಓದುತ್ತ ಓದುತ್ತ ಅವನ ದನಿ ಇಳಿಯಿತು. ಹುಡುಗಿಯು ಅವನ ಅಜ್ಜಿಯದನ್ನು ಓದಿದಳು. ನಾಗಬನವೂ ಭೂತದ ಗುಡಿಯೂ ತಮ್ಮದಾಗಿ ಉಳಿದು ಸುತ್ತಲಿನ ಭೂಮಿಯೆಲ್ಲ ಬೇರೆಯವರದಾದಾಗ, ವರ್ಷದ ನೇಮ ಕಟ್ಟಲು ಒಡವೆ ಮಾರಿದ ವಿಷಯ ಅದರಲ್ಲಿತ್ತು. ಇಬ್ಬರೂ ಯಾವ ತೀರ್ಮಾನಕ್ಕೂ ಬರಲಿಲ್ಲ. ನಾನು ಬರಬೇಕೆಂದು ಕೇಳಲೂ ಇಲ್ಲ. ತರಗತಿ ಬಿಟ್ಟಮೇಲೆ ಹುಡುಗ, “ಈ ಕಾಗದವನ್ನು ಅಜ್ಜಿಗೆ ತೋರಿಸಬಹುದೇ?” ಎಂದು ಅವಳನ್ನು ಕೇಳುವುದು ನನ್ನ ಕಿವಿಗೆ ಬಿತ್ತು.

ಎರಡನೆಯ ಪಾಠದಲ್ಲಿ ಪೆಟ್ಟು ನೇರವಾಗಿ ನನಗೇ ಬಿತ್ತು. ಮಕ್ಕಳ ಹಕ್ಕುಗಳ ವಿಷಯ ಹೇಳುತ್ತಿದ್ದೆ. ಹದಿನಾಲ್ಕರೊಳಗಿನ ಮಕ್ಕಳನ್ನು ಕಾರಖಾನೆ, ಗಣಿ ಮತ್ತಿತರ ಅಪಾಯದ ಕೆಲಸಕ್ಕೆ ಹಚ್ಚಬಾರದೆಂದು ಸಂವಿಧಾನದ 24ನೆಯ ವಿಧಿಯಲ್ಲೇ ಇದೆ. 1986ರಲ್ಲಿ ಬಾಲಕಾರ್ಮಿಕ ಕಾನೂನು ಬಂದರೂ ಹೊಟೇಲುಗಳು ಅದರ ನಿಷೇಧದ ಹೊರಗೇ ಉಳಿದಿದ್ದವು. 2006ನೆಯ ಅಕ್ಟೋಬರ್ 10ರಿಂದ ಹೊಟೇಲು, ಢಾಬಾ, ಮನೆಗೆಲಸಗಳಿಗೂ ನಿಷೇಧ ತಗಲಿತು. 2010ನೆಯ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕರವರೆಗಿನ ಶಿಕ್ಷಣವು ಹಕ್ಕಾಗಿ ಜಾರಿಗೆ ಬಂತು. 2016ರ ತಿದ್ದುಪಡಿಯು ಮನೆಯವರ ಕಸುಬಿಗೆ ಶಾಲೆಯ ಹೊತ್ತು ಬಿಟ್ಟು ನೆರವಾಗುವಂಥ ಕೆಲವು ವಿನಾಯಿತಿಗಳನ್ನಿಟ್ಟು, ಹದಿನಾಲ್ಕರೊಳಗಿನವರಿಗೆ ಎಲ್ಲ ದುಡಿಮೆಯನ್ನೂ ನಿಷೇಧಿಸಿತು. ಇಷ್ಟನ್ನು ಹೇಳಿ ಮುಗಿಸುವಾಗ ಆ ಕಲಬುರಗಿಯ ಹುಡುಗಿ, “ನಿಮ್ಮ ಹೊಟೇಲಿನ್ಯಾಗ ಯಾರೂ ಇರಲಿಲ್ಲೇನ್ರಿ ಸರ?” ಎಂದು ಕೇಳಿದಳು.

ಇರಲಿಲ್ಲವೆಂದು ಹೇಳಬಹುದಾಗಿತ್ತು. ಆದರೆ ಇದ್ದ. 2005ರಲ್ಲಿ ವಿಜಾಪುರದ ಕಡೆಯಿಂದ ಒಬ್ಬ ಹುಡುಗ ತನ್ನ ಸೋದರಮಾವನ ಜೊತೆಗೆ ಬಂದಿದ್ದ. ಮಾವ ಹೇಳಿದ ವಯಸ್ಸು ಹದಿನೈದು, ನೋಡಿದರೆ ಹನ್ನೆರಡು. ಮೇಜು ಒರೆಸುವುದು, ನೀರು ಇಡುವುದು ಅವನ ಕೆಲಸ. ಮರುವರ್ಷ ಸರಕಾರದ ಪ್ರಕಟಣೆ ಬಂದ ಕೂಡಲೇ ನಾನು ಅವನ ಕೈಯಲ್ಲಿ ಒಂದು ತಿಂಗಳ ಹೆಚ್ಚಿನ ಸಂಬಳವನ್ನೂ ಎರಡು ಜೊತೆ ಬಟ್ಟೆಯನ್ನೂ ಬಸ್ಸಿನ ಟಿಕೇಟನ್ನೂ ಇಟ್ಟು ಊರಿಗೆ ಕಳುಹಿಸಿದೆ. ಕಾನೂನನ್ನು ಪಾಲಿಸಿದೆನೆಂಬ ಸಮಾಧಾನದಿಂದ ಇಷ್ಟು ವರ್ಷ ಇದ್ದೆ. ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ.

“ಅವನ ಹೆಸರೇನು?” ಎಂದಳು.

ನನಗೆ ಬರಲಿಲ್ಲ. ಎಲ್ಲರೂ ಅವನನ್ನು ‘ಛೋಟು’ ಎಂದು ಕರೆಯುತ್ತಿದ್ದರು. ಸಂಬಳದ ಪುಸ್ತಕದಲ್ಲಿಯೂ ನಾನೇ ಹಾಗೆ ಬರೆದಿದ್ದೆ. ಊರಿಗೆ ಹೋದಮೇಲೆ ಶಾಲೆಗೆ ಸೇರಿದನೇ ಎಂಬುದೂ ನನಗೆ ತಿಳಿಯದು. ಇಪ್ಪತ್ತೆರಡು ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು.

ಆಗ ನನ್ನನ್ನು ಕಾಪಾಡಲೆಂದೋ ಏನೋ, ಹೊಟೇಲಿಗರ ಮಗನೊಬ್ಬ ಎದ್ದ. “ನನ್ನ ಪಪ್ಪನೂ ಹನ್ನೆರಡು ವರ್ಷಕ್ಕೇ ಬಂದದ್ದು. ಈಗ ನಮ್ಮದು ಮೂರು ಹೊಟೇಲು ಇದೆ. ಆಗಲೇ ಆ ಕಾನೂನು ಇದ್ದಿದ್ದರೆ ನಾವು ಇಲ್ಲಿ ಇರುತ್ತಿರಲಿಲ್ಲ” ಎಂದ. ನಮ್ಮ ಸಮಾಜದ ಸಭೆಗಳಲ್ಲಿ ಹಾರ ತುರಾಯಿಗಳ ನಡುವೆ ನಾವು ಹಿರಿಯರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತೇ ಇದು. ನಾನೂ ಈ ಪತ್ರಿಕೆಯಲ್ಲಿ ಅದನ್ನು ಎಷ್ಟೋ ಸಲ ಅಚ್ಚು ಹಾಕಿದ್ದೇನೆ. ಹುಡುಗಿಯು ತಿರುಗಿ ಅವನನ್ನು ಕೇಳಿದಳು: “ನಿಮ್ಮ ಪಪ್ಪನ ಸಂಗಡ ಬಂದವರು ಎಷ್ಟು ಮಂದಿ? ಅವರೆಲ್ಲರಿಗೂ ಮೂರು ಮೂರು ಹೊಟೇಲು ಅವೇನು?”

ಹುಡುಗ ಸಿಟ್ಟಾಗಲಿಲ್ಲ. ಕೇಳಿಕೊಂಡು ಬರುವೆನೆಂದ. ಮುಂದಿನ ವಾರ ಲೆಕ್ಕ ತಂದ. ಅವನ ತಂದೆಯೊಡನೆ ಒಂದೇ ಹೊಟೇಲಿನ ಅಟ್ಟದಲ್ಲಿ ಮಲಗುತ್ತಿದ್ದ ಹುಡುಗರು ಏಳು ಮಂದಿ. ಇಬ್ಬರು ಮಾಲಿಕರಾದರು. ಒಬ್ಬ ರಾತ್ರಿ ಶಾಲೆಯಲ್ಲಿ ಓದಿ ಬ್ಯಾಂಕಿಗೆ ಸೇರಿದ. ಇಬ್ಬರು ಊರಿಗೆ ಮರಳಿದರು. ಒಬ್ಬ ಕಾಯಿಲೆಯಾಗಿ ತೀರಿಕೊಂಡ. ಏಳನೆಯವನು ಏನಾದನೆಂದು ತಂದೆಗೂ ಗೊತ್ತಿಲ್ಲ. ಇದನ್ನು ಹೇಳುವಾಗ ತಂದೆ ಬಹಳ ಹೊತ್ತು ಮಾತನಾಡಿದರೆಂದೂ, ಹಿಂದೆಂದೂ ಇದನ್ನು ಮನೆಯಲ್ಲಿ ಹೇಳಿರಲಿಲ್ಲವೆಂದೂ ಹುಡುಗ ಹೇಳಿದ.

ನನ್ನ ಹೊಟೇಲಿನಲ್ಲಿದ್ದ ಹಳೆಯ ಅಡುಗೆಯವರು ಈಗ ಕುಂದಾಪುರದಲ್ಲಿದ್ದಾರೆ. ಆ ಹುಡುಗನ ಹೆಸರೂ ಊರೂ ಅವರಿಗೇನಾದರೂ ನೆನಪಿದೆಯೇ ಎಂದು ಕೇಳಿದೆ. ಇಂಡಿಯ ಕಡೆಯವನಿರಬೇಕು ಎಂದರು. ಹೆಸರು ಅವರಿಗೂ ತಿಳಿಯದು. ಮಾವನ ಪರಿಚಯದವರೊಬ್ಬರು ಸೊಲ್ಲಾಪುರದಲ್ಲಿದ್ದಾರಂತೆ, ಅವರಿಗೆ ಕಾಗದ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಬರುವ ಭಾನುವಾರದ ಪಾಠ ಮುಂಬಯಿಯ ನೀರು. 1860ರಲ್ಲಿ ಮುಗಿದ ವಿಹಾರ ಕೆರೆ, 1892ರ ತಾನ್ಸಾ, ಆ ಕೆರೆಗಳಿಂದ ನಮ್ಮ ನಲ್ಲಿಯವರೆಗಿನ ಕೊಳವೆಗಳು, ಯಾವ ಬಸ್ತಿಗೆ ಎಷ್ಟು ಹೊತ್ತು ನೀರು ಬರುತ್ತದೆ ಎಂಬುದು. ಮಕ್ಕಳು ತಮ್ಮ ತಮ್ಮ ಮನೆಯ ನಲ್ಲಿಯ ವೇಳೆಯನ್ನು ಈ ವಾರವೆಲ್ಲ ಬರೆದಿಡುತ್ತಿದ್ದಾರೆ. ಮುಂದೆ ಪ್ರಯಾಣದ ಪಾಠವನ್ನು ತೆಗೆದುಕೊಳ್ಳುವ ವಿಚಾರವಿದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆಯುವುದಕ್ಕೆ ಮೊದಲು ನಮ್ಮವರು ಊರಿಗೆ ಹೇಗೆ ಹೋಗಿಬರುತ್ತಿದ್ದರೆಂದು ಈ ಮಕ್ಕಳಿಗೆ ಸ್ವಲ್ಪವೂ ತಿಳಿಯದು. ಆದುದರಿಂದ ಹಳೆಯ ಹಡಗಿನ ಟಿಕೇಟು, ರೇಷನ್ ಕಾರ್ಡು, ಗೇಣಿಚೀಟಿ, ಏಳನೆಯ ನಮೂನೆಯ ನಕಲು, ರಾತ್ರಿ ಶಾಲೆಯ ಪ್ರಗತಿಪತ್ರ, ಹೊಟೇಲಿನ ಹಳೆಯ ದರಪಟ್ಟಿ, ಇಂಥವು ಯಾವ ವಾಚಕರ ಪೆಟ್ಟಿಗೆಯಲ್ಲಾದರೂ ಇದ್ದರೆ ನಮ್ಮ ಕಾರ್ಯಾಲಯಕ್ಕೆ ತಲಪಿಸುವ ಕೃಪೆ ಮಾಡಬೇಕು. ಮಕ್ಕಳಿಗೆ ತೋರಿಸಿ, ಒಂದು ಪಡಿಯಚ್ಚು ತೆಗೆದುಕೊಂಡು, ರಸೀದಿಯ ಪ್ರಕಾರ ಜೋಪಾನವಾಗಿ ಹಿಂದಿರುಗಿಸಲಾಗುವುದು.